ಅಪ್ಪನ 32 ಕೋಲ್ಟ್: ಒಂದೊಂದು ಸಲ ಟ್ರಿಗರ್ ಅಲ್ಲಾಡುವುದೇ ಇಲ್ಲ. ಗ್ರಿಪ್ ಸೇಫ್ಟಿ ಕೆಟ್ಟಿದೆಯಾ?

ಮೂಡಿಗೆರೆ ಏಲಕ್ಕಿ
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಅಪ್ಪ ತೀರಿಕೊಂಡ ಮೇಲೆ ಅವರ 32 ಬೋರಿನ ಪಿಸ್ತೂಲು ನನ್ನ ಲೈಸೆನ್ಸಿಗೆ ಬಂದಿದೆ. ಕೋಲ್ಟ್ ಕಂಪನಿಯದ್ದು, 1903ರ ಮಾದರಿ. ಹ್ಯಾಮರ್ (ಬಡಿದು ಗುಂಡು ಹಾರಿಸುವ ಸುತ್ತಿಗೆ) ಒಳಗೇ ಮುಚ್ಚಿಕೊಂಡಿರುತ್ತದಲ್ಲ, ಅದು. ಮ್ಯಾಗಜೀನಿನಲ್ಲಿ 8 ಗುಂಡು ಹಿಡಿಯುತ್ತದೆ.

ಹೋದ ತಿಂಗಳು ರೇಂಜಿಗೆ ಹೋಗಿದ್ದೆ. ಹತ್ತು ಗುಂಡು ಹೊಡೆಯುವಷ್ಟರಲ್ಲಿ ಮೂರು ಸಲ ಟ್ರಿಗರ್ ಕಲ್ಲಿನ ಹಾಗೆ ನಿಂತಿತು. ಕೈ ತೆಗೆದು ಮತ್ತೆ ಹಿಡಿದರೆ ಸರಿಯಾಗುತ್ತದೆ. ಹೆಬ್ಬೆರಳಿನ ಸೇಫ್ಟಿ ಕೆಳಗೇ ಇತ್ತು, ಅಂದರೆ ಬೀಗ ಬಿಟ್ಟೇ ಇತ್ತು, ಅದನ್ನು ಎರಡೆರಡು ಸಲ ನೋಡಿದ್ದೇನೆ. ಹಿಡಿಯ ಹಿಂಭಾಗದಲ್ಲಿ ಅಂಗೈಗೆ ತಾಗುವ ಒಂದು ತುಂಡು ಒಳಕ್ಕೆ ಹೊರಕ್ಕೆ ಆಡುತ್ತದಲ್ಲ, ಗ್ರಿಪ್ ಸೇಫ್ಟಿ, ಅದೇ ಕೆಟ್ಟಿರಬೇಕು ಎಂದು ಪಕ್ಕದಲ್ಲಿದ್ದವರು ಹೇಳಿದರು. ಅದು ಹೇಗೆ ಕೆಲಸ ಮಾಡುತ್ತದೆ? ರಿಪೇರಿ ಆಗುತ್ತದಾ? ಅಪ್ಪ ಇಷ್ಟು ವರ್ಷ ಇಟ್ಟುಕೊಂಡ ವಸ್ತು, ಸುಮ್ನೆ ಯಾರ ಕೈಗೋ ಕೊಟ್ಟು ಹಾಳು ಮಾಡಿಸಲು ಮನಸ್ಸಿಲ್ಲ.

ಬೀರೂರು ಜಂಕ್ಷನ್
ಫೋಟೋ ಹಾಕಿ ಮೇಡಂ. ನಂಬರ್ ಕಾಣದ ಹಾಗೆ.

ಹಳೇ ಹವಾಲ್ದಾರ್
ನಾನು ಅರಸೀಕೆರೆಯವನು. ಸೈನ್ಯದಲ್ಲಿ 9 ಎಂಎಂ ಪಿಸ್ತೂಲು ನೋಡಿಕೊಂಡವನು. ಅದರಲ್ಲಿ ಈ ಗ್ರಿಪ್ ಸೇಫ್ಟಿ ಅನ್ನುವುದೇ ಇಲ್ಲ. ಯಾರೂ ಅದು ಬೇಕು ಅಂದಿದ್ದು ಕೇಳಿಲ್ಲ. ಒಂದು ಪಿಸ್ತೂಲಿಗೆ ಒಂದು ಸೇಫ್ಟಿ ಸಾಕಮ್ಮ. ಎರಡಿದ್ದರೆ ಅವಸರಕ್ಕೆ ಒಂದು ಕೈಕೊಡುತ್ತದೆ, ನಿಮಗೆ ಆಗಿರುವುದೂ ಅದೇ. ಬಂದೂಕು ರಿಪೇರಿ ಮಾಡುವವರ ಹತ್ತಿರ ಅದನ್ನು ಒಳಕ್ಕೆ ಒತ್ತಿ ಕಾಯಂ ಕೂರಿಸಿಬಿಡಿ ಎಂದು ಹೇಳಿ.

ಹತ್ತು ಮೀಟರ್
ದಯವಿಟ್ಟು ಹಾಗೆ ಮಾಡಿಸಬೇಡಿ. ಹವಾಲ್ದಾರ್ ಸಾರ್, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ 9 ಎಂಎಂ ಬೇರೆ ಲೆಕ್ಕ. ಅದನ್ನು ಗ್ರಿಪ್ ಸೇಫ್ಟಿ ಇಲ್ಲದೆಯೇ ಯೋಚಿಸಿ ಮಾಡಿದ್ದಾರೆ. ಇದನ್ನು ಗ್ರಿಪ್ ಸೇಫ್ಟಿ ಇದೆ ಎಂದು ನಂಬಿ ಮಾಡಿದ್ದಾರೆ. ಇರುವುದನ್ನು ಕಟ್ಟಿಹಾಕುವುದಕ್ಕೂ ಮೊದಲಿಂದ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸ ಇದೆ.

ಅಕ್ಕ, ನಿಮ್ಮ ತೋಟದಲ್ಲಿ ವೀಡ್ ಕಟರ್ ಇದೆ ಅಲ್ವಾ? ಅದರ ಹಿಡಿಯ ಮೇಲೆ ಒಂದು ಪಟ್ಟಿ ಇರುತ್ತದೆ. ಅಂಗೈಯಿಂದ ಅದನ್ನು ಒತ್ತಿ ಹಿಡಿದರೆ ಮಾತ್ರ ಬೆರಳಿನ ಆಕ್ಸಿಲರೇಟರ್ ಒಳಗೆ ಹೋಗುತ್ತದೆ. ಮರ ಕೊಯ್ಯುವ ಚೈನ್ ಸಾದಲ್ಲೂ ಇದೆ. ಕೈ ಸರಿಯಾಗಿ ಹಿಡಿಯ ಮೇಲೆ ಇಲ್ಲದಿದ್ದರೆ ಬ್ಲೇಡು ತಿರುಗಬಾರದು ಎಂದು ಇಟ್ಟಿದ್ದಾರೆ. ಪಿಸ್ತೂಲಿನ ಗ್ರಿಪ್ ಸೇಫ್ಟಿಯ ಲೆಕ್ಕವೂ ಪೂರ್ತಿ ಅದೇ. ಕೈ ಹಿಡಿದಿದೆ ಎಂದು ಗೊತ್ತಾದರೆ ಬಿಡುತ್ತದೆ, ಇಲ್ಲದಿದ್ದರೆ ತಡೆಯುತ್ತದೆ.

ಮೂಡಿಗೆರೆ ಏಲಕ್ಕಿ
ಓ, ವೀಡ್ ಕಟರ್ ಅಂದ ತಕ್ಷಣ ಅರ್ಥವಾಯಿತು. ನಮ್ಮ ಹುಡುಗರು ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿ ಇಟ್ಟಿದ್ದರು. ನೋಡಿ ಬೈದಿದ್ದೆ.

ಹತ್ತು ಮೀಟರ್
ಪಿಸ್ತೂಲಿಗೂ ರಬ್ಬರ್ ಬ್ಯಾಂಡ್ ಸುತ್ತುವವರು ಇದ್ದಾರೆ. ಅದಕ್ಕೂ ಬೈಯಿರಿ.

ಬ್ರೌನಿಂಗ್ ಪ್ರಿಯ
ಇದು ನನಗೆ ತುಂಬಾ ಇಷ್ಟದ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಬೇಡ.

ನಿಮ್ಮ ಪಿಸ್ತೂಲನ್ನು ಮಾಡಿದ್ದು ಜಾನ್ ಮೋಸೆಸ್ ಬ್ರೌನಿಂಗ್. ಅಮೆರಿಕದ ಯೂಟಾದ ಆಗ್ಡೆನ್ ಊರಿನವರು, 1855ರಲ್ಲಿ ಹುಟ್ಟಿದವರು. ಎಲ್ಲರಿಗೂ ಗೊತ್ತಿರುವ 1911ರ 45 ಬೋರಿನ ಪಿಸ್ತೂಲೂ ಅವರದ್ದೇ. ಒಳಗಿನ ಕೆಲಸ ಅದರಲ್ಲಿ ಹೇಳಿದರೆ ಸುಲಭ, ಹಾಗಾಗಿ ಅದನ್ನೇ ಹೇಳುತ್ತೇನೆ.

1911ರ ಟ್ರಿಗರ್ ನಮ್ಮ ಕೋವಿಯ ಹಾಗೆ ಕೀಲಿನ ಮೇಲೆ ತಿರುಗುವುದಿಲ್ಲ. ನೇರ ಹಿಂದಕ್ಕೆ ಜಾರುತ್ತದೆ. ಅದರ ಬೆನ್ನಿಗೆ ಒಂದು ತೆಳು ಲೋಹದ ಚೌಕಟ್ಟು ಇದೆ. ಆ ಚೌಕಟ್ಟು ಮ್ಯಾಗಜೀನಿನ ಎರಡೂ ಪಕ್ಕದಿಂದ ಬಳಸಿಕೊಂಡು ಹಿಂದೆ ಬರುತ್ತದೆ. ಗ್ರಿಪ್ ಸೇಫ್ಟಿಯ ಒಳಮುಖಕ್ಕೆ ಒಂದು ಚಾಚು ಇದೆ. ಕೈ ಇಲ್ಲದಾಗ ಆ ಚಾಚು ಚೌಕಟ್ಟಿನ ಹಿಂದೆ ಅಡ್ಡ ನಿಲ್ಲುತ್ತದೆ. ಟ್ರಿಗರ್ ಎಳೆದರೂ ಚೌಕಟ್ಟು ಹೋಗಿ ಅದಕ್ಕೆ ಬಡಿದು ನಿಲ್ಲುತ್ತದೆ. ಕೈ ಒತ್ತಿದರೆ ಚಾಚು ದಾರಿ ಬಿಡುತ್ತದೆ. ಮತ್ತೆ ಹೊರಕ್ಕೆ ತಳ್ಳಲು ಒಂದು ಚಪ್ಪಟೆ ಸ್ಪ್ರಿಂಗ್. ಅದಕ್ಕೆ ಮೂರು ಬೆರಳು: ಒಂದು ಸಿಯರನ್ನು (ಹ್ಯಾಮರನ್ನು ಹಿಡಿದಿಟ್ಟು ಟ್ರಿಗರ್ ಎಳೆದಾಗ ಬಿಡುವ ತುಂಡು) ಒತ್ತುತ್ತದೆ, ನಡುವಿನದು ಡಿಸ್‌ಕನೆಕ್ಟರ್ (ಒಂದು ಎಳೆತಕ್ಕೆ ಒಂದೇ ಗುಂಡು ಹಾರುವಂತೆ ನೋಡುವ ತುಂಡು) ಮತ್ತು ಟ್ರಿಗರಿಗೆ, ಮೂರನೆಯದು ಗ್ರಿಪ್ ಸೇಫ್ಟಿಗೆ. ಒಂದೇ ತಗಡಿನಲ್ಲಿ ಮೂರು ಕೆಲಸ. ಅದನ್ನು ನೋಡಿದಾಗಲೆಲ್ಲ ನನಗೆ ಆ ಮನುಷ್ಯನ ಮೇಲೆ ಗೌರವ ಜಾಸ್ತಿಯಾಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಈ ಗ್ರಿಪ್ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಹ್ಯಾಮರನ್ನು ಹಿಡಿಯುವುದಿಲ್ಲ, ಸಿಯರನ್ನು ಹಿಡಿಯುವುದಿಲ್ಲ, ಗುಂಡಿನ ಹಿಂಭಾಗಕ್ಕೆ ಬಡಿಯುವ ಕಡ್ಡಿ, ಫೈರಿಂಗ್ ಪಿನ್, ಅದನ್ನೂ ಹಿಡಿಯುವುದಿಲ್ಲ. ನಿಮ್ಮ 1903ರಲ್ಲಿ ಒಳಗಿನ ತುಂಡುಗಳು ಬೇರೆ, ಉದ್ದೇಶ ಒಂದೇ.

ಕೊಪ್ಪದ ಮಳೆ
ಹ್ಯಾಮರಿಗೆ ನಮ್ಮಲ್ಲಿ ಹಳಬರು ಕುದುರೆ ಅಂತಾರೆ ಮಾರಾಯ್ರೆ. ಜೋಡು ನಳಿಗೆ ಕೋವಿಯಲ್ಲಿ ಎರಡು ಕುದುರೆ. ಅಜ್ಜ ‘ಕುದುರೆ ಏರಿಸಬೇಡ’ ಅಂತ ಕೂಗುತ್ತಿದ್ದರು.

ಆಲೂರು ರೊಬಸ್ಟಾ
ಹೌದು, ನಮ್ಮಲ್ಲೂ ಕುದುರೆನೇ. ಆ ಕೋವಿಗೆ ಬೇರೆ ಸೇಫ್ಟಿ ಇಲ್ಲವೇ ಇಲ್ಲ. ಕುದುರೆ ಇಳಿಸಿದ್ದರೆ ಸೇಫ್, ಏರಿಸಿದ್ದರೆ ಹುಷಾರು.

ಹಳೇ ಹವಾಲ್ದಾರ್
ಬ್ರೌನಿಂಗ್ ಪ್ರಿಯ ಅವರೇ, ನೀವು ಹೇಳಿದ್ದು ನನ್ನ ಮಾತಿಗೇ ಸಾಕ್ಷಿ. ಫೈರಿಂಗ್ ಪಿನ್ನನ್ನು ಹಿಡಿಯುವುದಿಲ್ಲ ಅಂದರೆ ಪಿಸ್ತೂಲು ಕೆಳಗೆ ಬಿದ್ದರೆ ಅದು ಕಾಯುವುದಿಲ್ಲ, ಮತ್ತೆ ಯಾಕೆ ಬೇಕು? ಸೈನ್ಯದ 9 ಎಂಎಂ ಕೂಡ ಬ್ರೌನಿಂಗ್ ಶುರು ಮಾಡಿದ್ದೇ ಅಲ್ವಾ? ಅವರೇ ಕೊನೆಗೆ ಬೇಡ ಎಂದು ಬಿಟ್ಟಿದ್ದಾರೆ.

ಬ್ರೌನಿಂಗ್ ಪ್ರಿಯ
ಶುರು ಮಾಡಿದ್ದು ಅವರು, ನಿಜ. ಆದರೆ 1926ರಲ್ಲಿ ಬೆಲ್ಜಿಯಂನ ಕಾರ್ಖಾನೆಯಲ್ಲೇ ಅವರು ತೀರಿಕೊಂಡರು. ಅದನ್ನು ಮುಗಿಸಿದ್ದು ಡ್ಯುಡೊನೆ ಸೈವ್. ಹೊರಗೆ ಬಂದಿದ್ದು 1935ರಲ್ಲಿ. ನಮ್ಮ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ಮಾಡುವ 9 ಎಂಎಂ 1ಎ ಅದೇ ವಂಶದ್ದು. ಜರ್ಮನಿಯವರ ಲೂಗರಿನ ಕಥೆ ನಿಮ್ಮ ಮಾತಿಗೆ ಇನ್ನೂ ಹತ್ತಿರ ಬರುತ್ತದೆ. ಅದರ ಮೊದಲ ಮಾದರಿಗಳಲ್ಲಿ ಗ್ರಿಪ್ ಸೇಫ್ಟಿ ಇತ್ತು. 1908ರಲ್ಲಿ ಜರ್ಮನ್ ಸೈನ್ಯ ತೆಗೆದುಕೊಂಡ ಮಾದರಿಯಲ್ಲಿ ಅದನ್ನು ಬಿಟ್ಟರು.

ಆದರೆ ಇನ್ನೊಂದು ಕಡೆಯೂ ನೋಡಿ ಸಾರ್. 1911ರ ಪಿಸ್ತೂಲಿನಲ್ಲಿ ಗ್ರಿಪ್ ಸೇಫ್ಟಿ ಮೊದಲೇ ಇತ್ತು. ಹೆಬ್ಬೆರಳಿನ ಸೇಫ್ಟಿ ಆಮೇಲೆ ಬಂದದ್ದು, ಅಶ್ವದಳದವರು ಕೇಳಿದ್ದಕ್ಕೆ. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಪಿಸ್ತೂಲು, ಕೆಳಗೆ ಬೆದರಿದ ಕುದುರೆ. ಕೈ ಜಾರಿದರೆ ತಾನಾಗಿ ಬೀಗ ಬೀಳಬೇಕು, ಅದಕ್ಕೆ ಗ್ರಿಪ್ ಸೇಫ್ಟಿ. ಅಂಥ ಪಿಸ್ತೂಲು 1911ರ ಮಾರ್ಚಿನ ಪರೀಕ್ಷೆಯಲ್ಲಿ 6000 ಗುಂಡು ಹೊಡೆದರೂ ಒಮ್ಮೆಯೂ ನಿಲ್ಲಲಿಲ್ಲ. ಗ್ರಿಪ್ ಸೇಫ್ಟಿ ಇದ್ದರೆ ನಂಬುವ ಹಾಗಿಲ್ಲ ಅನ್ನುವ ಮಾತು ಅಲ್ಲೇ ಬಿದ್ದುಹೋಯಿತು.

ಹಳೇ ಹವಾಲ್ದಾರ್
ಪರೀಕ್ಷೆಯಲ್ಲಿ ಹೊಡೆಯುವವನು ಗಟ್ಟಿಯಾಗಿ ನಿಂತು ಸರಿಯಾಗಿ ಹಿಡಿದು ಹೊಡೆಯುತ್ತಾನೆ. ಕತ್ತಲಲ್ಲಿ, ಕೈ ನಡುಗುವಾಗ, ಅರ್ಧ ಹಿಡಿತದಲ್ಲಿ ಏನಾಗುತ್ತದೆ ಅನ್ನುವುದು ನನ್ನ ಪ್ರಶ್ನೆ.

ಹತ್ತು ಮೀಟರ್
ಇದು ಒಳ್ಳೆಯ ಪ್ರಶ್ನೆ. ಒಪ್ಪುತ್ತೇನೆ. ಗ್ರಿಪ್ ಸೇಫ್ಟಿಯ ನಿಜವಾದ ತೊಂದರೆ ಅದೇ.

1911 ಹೊಡೆಯುವ ತುಂಬಾ ಜನ ಹೆಬ್ಬೆರಳನ್ನು ಮೇಲಿನ ಸೇಫ್ಟಿಯ ಮೇಲೆ ಇಟ್ಟು ಹಿಡಿಯುತ್ತಾರೆ. ಹಾಗೆ ಹಿಡಿದಾಗ ಅಂಗೈಯ ನಡುಭಾಗ ಹಿಡಿಯಿಂದ ಸ್ವಲ್ಪ ಎದ್ದು ನಿಲ್ಲುತ್ತದೆ. ಅಲ್ಲೊಂದು ಹಳ್ಳ. ಗ್ರಿಪ್ ಸೇಫ್ಟಿ ಆ ಹಳ್ಳದೊಳಗೇ ಉಳಿದುಬಿಡುತ್ತದೆ, ಪೂರ್ತಿ ಒತ್ತುವುದಿಲ್ಲ. ಅದಕ್ಕೇ ಈಗಿನ ಗ್ರಿಪ್ ಸೇಫ್ಟಿಗಳ ಕೆಳತುದಿಯಲ್ಲಿ ಒಂದು ಉಬ್ಬು ಕೊಟ್ಟಿರುತ್ತಾರೆ. 1911ರಲ್ಲಿ ಕೀಲು ಮೇಲ್ಗಡೆ ಇದೆ, ಹೆಬ್ಬೆರಳಿನ ಸೇಫ್ಟಿಯ ಪಿನ್ನೇ ಅದಕ್ಕೂ ಕೀಲು. ಹಾಗಾಗಿ ಕೆಳಭಾಗ ಜಾಸ್ತಿ ಆಡುತ್ತದೆ. ಉಬ್ಬು ಅಲ್ಲಿದ್ದರೆ ಸ್ವಲ್ಪ ತಾಗಿದರೂ ಸಾಕು.

ಹಾಗಾಗಿ ಅಕ್ಕ, ಬಿಚ್ಚಿಸುವ ಮೊದಲು ನಿಮ್ಮ ಹಿಡಿತ ನೋಡಬೇಕು. ನಿಮ್ಮ ಕೈ ಚಿಕ್ಕದಾ?

ಮೂಡಿಗೆರೆ ಏಲಕ್ಕಿ
ಚಿಕ್ಕದೇ. ಬಳೆ 2.2 ಸೈಜು.

ಸಕಲೇಶಪುರ ಸಂಪಿಗೆ
ಕೈ ಚಿಕ್ಕದಾದರೆ ಏನು? 1903 ತೆಳು ಪಿಸ್ತೂಲು. ಗುಂಡು ಒಂದೇ ಸಾಲಿನಲ್ಲಿ ಕೂರುತ್ತವೆ. ನನ್ನ ಕೈಯೂ ಚಿಕ್ಕದು, ನಮ್ಮ ಮಾವನ ಹತ್ತಿರ ಅದೇ ಮಾದರಿ ಇತ್ತು, ರೇಂಜಿನಲ್ಲಿ ಅವರು ಪಕ್ಕದಲ್ಲಿ ನಿಂತು ಹೊಡೆಸಿದ್ದಾರೆ. ಒಂದು ಸಲವೂ ಹೀಗೆ ಆಗಿಲ್ಲ. ಹೆಂಗಸರು ಅಂದ ತಕ್ಷಣ ಕೈ ಚಿಕ್ಕದು, ಬಲ ಸಾಲದು ಅನ್ನುವುದು ಬೇಡ.

ಹತ್ತು ಮೀಟರ್
ಹೆಂಗಸರು ಅಂತ ಕೇಳಿದ್ದಲ್ಲ. ನನ್ನ ಕೈಯೂ ಚಿಕ್ಕದೇ, ಅದಕ್ಕೇ ಕೇಳಿದೆ. ಗ್ರಿಪ್ ಸೇಫ್ಟಿಗೆ ಬಲ ಬೇಕಾಗಿಲ್ಲ, ಜಾಗ ಸರಿ ಇರಬೇಕು ಅಷ್ಟೇ.

ಬೇಲೂರು ಶಿಲೆ
ಆನೆ ಬರುವ ಊರಿನಲ್ಲಿ 32 ಪಿಸ್ತೂಲು ಇಟ್ಟುಕೊಂಡು ಏನು ಮಾಡುತ್ತೀರಿ?

ಆಲೂರು ರೊಬಸ್ಟಾ
ಆನೆಗೆ ಯಾರೂ ಪಿಸ್ತೂಲು ಇಟ್ಟುಕೊಳ್ಳುವುದಿಲ್ಲ ಸಾರ್. ಆನೆ ಎಲ್ಲಿದೆ ಎಂದು ಫೋನಿಗೆ ಮೆಸೇಜು ಬರುತ್ತದೆ, ಆ ಕಡೆ ಕೆಲಸಕ್ಕೆ ಹೋಗುವುದಿಲ್ಲ, ಅಷ್ಟೇ. ತೀರಾ ಹತ್ತಿರ ಬಂದರೆ ಅರಣ್ಯ ಇಲಾಖೆಯವರಿಗೆ ಫೋನು. ಹಂದಿಗೂ ಈ 32 ಆಗುವುದಿಲ್ಲ. ಒಂಟಿ ಮನೆಯಲ್ಲಿ ಇರುವವರು, ಕೂಲಿ ಬಟವಾಡೆಗೆ ದುಡ್ಡು ತರುವವರು ಇಟ್ಟುಕೊಳ್ಳುತ್ತಿದ್ದರು. ಹಿಂದೆ ತುಂಬಾ ತೋಟದ ಮನೆಗಳಲ್ಲಿ ಇತ್ತು.

ಬೇಲೂರು ಶಿಲೆ
ಸರಿ, ಗೊತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಬೀರೂರು ಜಂಕ್ಷನ್
ಮೂರು ಬಂದೂಕು ಇದ್ದವರು ಒಂದನ್ನು ಬಿಡಬೇಕಾಯಿತಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂದಮೇಲೆ ಒಬ್ಬರಿಗೆ ಎರಡೇ. ನಮ್ಮ ದೊಡ್ಡಪ್ಪ ಯಾವುದನ್ನು ಬಿಡುವುದು ಎಂದು ತಿಂಗಳುಗಟ್ಟಲೆ ಒದ್ದಾಡಿದರು. ಕೊನೆಗೆ ಪಿಸ್ತೂಲು ಬಿಟ್ಟು ಎರಡು ಕೋವಿ ಇಟ್ಟುಕೊಂಡರು.

ಕೊಪ್ಪದ ಮಳೆ
ಲೈಸೆನ್ಸ್ ಮೂರು ವರ್ಷದ ಬದಲು ಐದು ವರ್ಷ ಆಗಿದ್ದೂ ಅದೇ ತಿದ್ದುಪಡಿಯಲ್ಲಿ. ಅದೊಂದು ಉಪಕಾರ ಆಯಿತು. ಆದರೆ ಪಕ್ಕದ ಕೊಡಗಿನ ಕೊಡವರಿಗೆ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ, ನಮಗೆ ಮಾತ್ರ...

ನಿರ್ವಾಹಕ
ಕೊಡಗಿನ ವಿನಾಯಿತಿಯ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿಗೆ ಬನ್ನಿ. ಇಲ್ಲಿ ಕೊಳ್ಳುವ ಮಾರುವ ಮಾತು ಬೇಡ. ಬಿಚ್ಚುವ ಕೆಲಸ ಲೈಸೆನ್ಸ್ ಇರುವ ರಿಪೇರಿಯವರದ್ದು, ಅದನ್ನೂ ನೆನಪಿಡಿ.

ಮೂಡಿಗೆರೆ ಏಲಕ್ಕಿ
ಈಗ ಭಯವಾಗುತ್ತಿದೆ. ಇವತ್ತು ಬೆಳಿಗ್ಗೆ ಪರೀಕ್ಷೆ ಮಾಡೋಣ ಅಂತ ಕೂತೆ. ಮ್ಯಾಗಜೀನ್ ತೆಗೆದೆ. ಮೇಲಿನ ಜಾರುವ ಭಾಗ, ಸ್ಲೈಡ್, ಅದನ್ನು ಎಳೆದು ಗುಂಡು ಕೂರುವ ಚೇಂಬರ್ ಖಾಲಿ ಎಂದು ಕಣ್ಣಿಂದಲೂ ನೋಡಿದೆ, ಕಿರುಬೆರಳು ಹಾಕಿಯೂ ನೋಡಿದೆ. ಗೋಡೆಯ ಹಿಂದೆ ಮಣ್ಣಿನ ದಿಣ್ಣೆ ಇರುವ ಕಡೆ ತಿರುಗಿಸಿ ಹಿಡಿದೆ. ಗ್ರಿಪ್ ಸೇಫ್ಟಿಯನ್ನು ಇನ್ನೊಂದು ಕೈಯಿಂದ ಪೂರ್ತಿ ಒತ್ತಿ ಹಿಡಿದರೂ ಟ್ರಿಗರ್ ಬರಲೇ ಇಲ್ಲ! ಹತ್ತು ಸಲ ಮಾಡಿದೆ, ಹತ್ತು ಸಲವೂ ಇಲ್ಲ. ರೇಂಜಿನಲ್ಲಿ ಮೂರು ಸಲ ಮಾತ್ರ ನಿಂತಿತ್ತು. ಈಗ ಪೂರ್ತಿ ಹೋಯಿತಾ?

ಹಳೇ ಹವಾಲ್ದಾರ್
ನಾನು ಹೇಳಿದ್ದೆ.

ಬ್ರೌನಿಂಗ್ ಪ್ರಿಯ
ಅಕ್ಕ, ಗಾಬರಿ ಬೇಡ! ನಿಮ್ಮ ಪಿಸ್ತೂಲು 1920ರ ದಶಕದ ಕೊನೆಯದ್ದೋ ಆಮೇಲಿನದ್ದೋ ಇರಬೇಕು. ಆ ಹೊತ್ತಿಗೆ ಈ ಮಾದರಿಗೆ ಮ್ಯಾಗಜೀನ್ ಸೇಫ್ಟಿಯನ್ನೂ ಸೇರಿಸಿದ್ದರು. ಮ್ಯಾಗಜೀನ್ ಹೊರಗಿದ್ದರೆ ಟ್ರಿಗರ್ ಕೆಲಸ ಮಾಡುವುದಿಲ್ಲ. ನೀವು ಮ್ಯಾಗಜೀನ್ ತೆಗೆದು ನೋಡಿದ್ದೀರಿ, ಅದು ತಡೆದಿದೆ. ಗ್ರಿಪ್ ಸೇಫ್ಟಿಗೂ ಅದಕ್ಕೂ ಸಂಬಂಧ ಇಲ್ಲ.

ಖಾಲಿ ಮ್ಯಾಗಜೀನ್ ಹಾಕಿ ನೋಡಿ. ಹಾಕುವ ಮೊದಲು ಮ್ಯಾಗಜೀನಿನಲ್ಲಿ ಒಂದೂ ಗುಂಡು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿ ಇರಲಿ.

ಹತ್ತು ಮೀಟರ್
ಹೌದು, ನಾನೂ ಇದನ್ನು ಹೇಳಬೇಕಿತ್ತು. ಮತ್ತೆ ಹಳೆಯ ಪಿಸ್ತೂಲನ್ನು ಖಾಲಿ ಚೇಂಬರಿನಲ್ಲಿ ಮೇಲಿಂದ ಮೇಲೆ ಟಿಕ್ ಟಿಕ್ ಅನ್ನಿಸಬೇಡಿ. ಫೈರಿಂಗ್ ಪಿನ್ನಿಗೆ ಒಳ್ಳೆಯದಲ್ಲ. ಅಭ್ಯಾಸಕ್ಕೆ ಮದ್ದಿಲ್ಲದ ಡಮ್ಮಿ ಗುಂಡು ಸಿಗುತ್ತದೆ, ಅದನ್ನು ಬಳಸಿ.

ಮೂಡಿಗೆರೆ ಏಲಕ್ಕಿ
ಖಾಲಿ ಮ್ಯಾಗಜೀನ್ ಹಾಕಿದೆ. ಗ್ರಿಪ್ ಸೇಫ್ಟಿ ಒತ್ತಿ ಎಳೆದರೆ ಟಿಕ್ ಅಂತು! ಒತ್ತದೆ ಎಳೆದರೆ ಇಲ್ಲ. ಅಂದರೆ ಎರಡೂ ಸರಿ ಕೆಲಸ ಮಾಡುತ್ತಿವೆ ತಾನೆ? ಜೀವ ಬಂತು.

ಆದರೆ ಒಂದು ವಿಷಯ. ಗ್ರಿಪ್ ಸೇಫ್ಟಿ ಬಿಟ್ಟಾಗ ಪಟ್ಟನೆ ಹೊರಗೆ ಬರುವುದಿಲ್ಲ. ನಿಧಾನವಾಗಿ ಬರುತ್ತದೆ. ಅರ್ಧಕ್ಕೆ ನಿಂತು ಆಮೇಲೆ ಬರುತ್ತದೆ.

ಹತ್ತು ಮೀಟರ್
ಅದು ಸರಿಯಲ್ಲ. ಪಟ್ಟನೆ ಬರಬೇಕು. ಎಣ್ಣೆ ಯಾವುದು ಹಾಕುತ್ತೀರಿ?

ಮೂಡಿಗೆರೆ ಏಲಕ್ಕಿ
ಕೊಬ್ಬರಿ ಎಣ್ಣೆ. ಅಪ್ಪ ಕೋವಿಗೂ ಅದನ್ನೇ ಹಾಕುತ್ತಿದ್ದರು.

ಸಕಲೇಶಪುರ ಸಂಪಿಗೆ
ಅಯ್ಯೋ! ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ನಮ್ಮ ಬಚ್ಚಲು ಮನೆಯ ಬಾಟಲಿ ಬೆಳಿಗ್ಗೆ ಒಲೆ ಹತ್ತಿರ ಇಡದಿದ್ದರೆ ತಲೆಗೆ ಹಾಕಲು ಬರುವುದಿಲ್ಲ. ಪಿಸ್ತೂಲಿನ ಒಳಗೂ ಹಾಗೇ ಆಗಿರುತ್ತದೆ.

ಕೊಪ್ಪದ ಮಳೆ
ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕೋವಿಗೆ ಕೊಬ್ಬರಿ ಎಣ್ಣೆಯೇ. ಏನೂ ಆಗಿಲ್ಲ ಮಾರಾಯ್ರೆ. ಆಯುಧಪೂಜೆಗೆ ಒರೆಸಿ ಎಣ್ಣೆ ಹಚ್ಚಿ ಹೂವಿಟ್ಟರೆ ಹೊಸದರ ಹಾಗೆ ಕಾಣುತ್ತದೆ.

ಆಲೂರು ರೊಬಸ್ಟಾ
ಕೋವಿಯ ನಳಿಗೆಯ ಹೊರಗೆ ಹಚ್ಚುವುದು ಬೇರೆ. ತೆಳು ಸ್ಪ್ರಿಂಗ್ ಇರುವ ಇಕ್ಕಟ್ಟಿನ ಜಾಗಕ್ಕೆ ಹೋದರೆ ಬೇರೆ. ಅದು ಹಳತಾಗಿ ಗೋಂದಿನ ಹಾಗೆ ಅಂಟುತ್ತದೆ. ಧೂಳು, ಬಟ್ಟೆಯ ನೂಲು ಎಲ್ಲ ಸೇರಿಕೊಳ್ಳುತ್ತದೆ. ಹೊಲಿಗೆ ಮಿಷಿನ್ ಎಣ್ಣೆ ಒಂದೆರಡು ಹನಿ ಸಾಕು.

ಕೊಪ್ಪದ ಮಳೆ
ಹೊಲಿಗೆ ಮಿಷಿನ್ ಎಣ್ಣೆ ಮಳೆಗಾಲಕ್ಕೆ ನಿಲ್ಲುವುದಿಲ್ಲ. ಜುಲೈನಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ. ಹದಿನೈದು ದಿನಕ್ಕೆ ತುಕ್ಕು.

ಆಲೂರು ರೊಬಸ್ಟಾ
ಅದಕ್ಕೆ ವಾರಕ್ಕೊಮ್ಮೆ ಒರೆಸಬೇಕು. ಮತ್ತೆ ಚರ್ಮದ ಚೀಲದೊಳಗೆ ಇಟ್ಟು ಮರೆಯಬಾರದು. ಚರ್ಮ ನೀರು ಹೀರುತ್ತದೆ, ಚೀಲ ತಾಗಿದ ಕಡೆಯೇ ತುಕ್ಕು ಮೊದಲು ಬರುವುದು. ನಮ್ಮ ಚಿಕ್ಕಪ್ಪನ ಪಿಸ್ತೂಲಿನ ಒಂದು ಪಕ್ಕ ಪೂರ್ತಿ ಗುಳಿ ಬಿದ್ದಿದೆ. ಡಬ್ಬಿಯಲ್ಲಿ ಇಟ್ಟು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಪೊಟ್ಟಣವನ್ನು ಆಗಾಗ ಬಿಸಿ ಮಾಡಿ ಒಣಗಿಸಿ.

ಹಳೇ ಹವಾಲ್ದಾರ್
ಎಣ್ಣೆ ಹಾಕುವುದಲ್ಲ, ಹಾಕಿ ಒರೆಸುವುದು ಮುಖ್ಯ. ತೆಳು ಪದರ ಉಳಿದರೆ ಸಾಕು. ನಮಗೆ ಬೆರಳು ಹಚ್ಚಿ ತೋರಿಸುತ್ತಿದ್ದರು. ಇದರಲ್ಲಿ ಎಲ್ಲರ ಮಾತೂ ಸರಿ ಇದೆ.

ಆದರೆ ನೋಡಿ, ಎಣ್ಣೆ ಗಟ್ಟಿಯಾದರೆ ನಿಲ್ಲುವ ಒಂದು ತುಂಡು ಜಾಸ್ತಿ ಇದೆ ಅಂತಲೇ ಆಯಿತಲ್ಲ. ತುಂಡು ಕಡಿಮೆ ಇದ್ದಷ್ಟೂ ನಂಬಿಕೆ ಜಾಸ್ತಿ. ನನ್ನ ಅಭಿಪ್ರಾಯ ಬದಲಾಗಿಲ್ಲ.

ಸಕಲೇಶಪುರ ಸಂಪಿಗೆ
ಮನೆಯಲ್ಲಿ ಮಕ್ಕಳಿದ್ದರೆ ನಿಮ್ಮ ಅಭಿಪ್ರಾಯ ಬದಲಾಗುತ್ತದೆ ಸಾರ್. ಪುಟ್ಟ ಮಗು ಎರಡು ಕೈಯಲ್ಲಿ ಟ್ರಿಗರನ್ನಷ್ಟೇ ಹಿಡಿದು ಎಳೆದರೆ, ಹಿಂದೆ ಅಂಗೈ ಒತ್ತಿರುವುದಿಲ್ಲ. ಸ್ಮಿತ್ ಅಂಡ್ ವೆಸನ್ ಕಂಪನಿ 1887ರಲ್ಲೇ ಹಿಡಿಯ ಬೆನ್ನಿಗೆ ಇಂಥ ಬೀಗ ಇರುವ ರಿವಾಲ್ವರ್ ಮಾಡಿತ್ತು.

ಹತ್ತು ಮೀಟರ್
ಸಂಪಿಗೆ ಅವರೇ, ಅದನ್ನು ನಂಬಬೇಡಿ. ಮಗು ಹೇಗೆ ಹಿಡಿಯುತ್ತದೆ ಎಂದು ಹೇಳಲು ಆಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಬೀರುವಿಗೆ ಬೀಗ, ಗುಂಡು ಬೇರೆ ಕಡೆ. ಗ್ರಿಪ್ ಸೇಫ್ಟಿ ಮಕ್ಕಳಿಗೆಂದು ಮಾಡಿದ್ದಲ್ಲ.

ಸಕಲೇಶಪುರ ಸಂಪಿಗೆ
ಬೀಗ ಹಾಕುವುದು ಹೇಗೂ ಇದ್ದೇ ಇದೆ. ನಾನು ಹೇಳಿದ್ದು ಬೀಗ ಹಾಕಲು ಮರೆತ ಆ ಒಂದು ದಿನಕ್ಕೆ.

ಬ್ರೌನಿಂಗ್ ಪ್ರಿಯ
ಇಬ್ಬರೂ ಹೇಳುವುದು ಸರಿ. ಬೀಳುವ ವಿಷಯ ಮಾತ್ರ ಬೇರೆಯಾಗಿ ನೋಡಬೇಕು. ಹಳೆಯ ಪಿಸ್ತೂಲು ಮೂತಿ ಕೆಳಗಾಗಿ ಗಟ್ಟಿ ನೆಲಕ್ಕೆ ಬಿದ್ದರೆ ಫೈರಿಂಗ್ ಪಿನ್ ತನ್ನ ಭಾರಕ್ಕೇ ಮುಂದೆ ಹೋಗಬಹುದು. ಅದನ್ನು ತಡೆಯಲು 1930ರ ದಶಕದಲ್ಲಿ ಕೋಲ್ಟ್ ಕಂಪನಿ ಒಂದು ದಾರಿ ಹುಡುಕಿತು. ಸ್ವಾರ್ಟ್ಜ್ ಸೇಫ್ಟಿ ಅಂತ ಅದರ ಹೆಸರು. ಗ್ರಿಪ್ ಸೇಫ್ಟಿ ಒತ್ತಿದಾಗ ಮಾತ್ರ ಪಿನ್ನಿನ ತಡೆ ಎದ್ದುಕೊಳ್ಳುತ್ತದೆ. ಇದರಲ್ಲಿ ಹವಾಲ್ದಾರ್ ಸಾರ್ ಹೇಳುವ ತೊಂದರೆ ನಿಜಕ್ಕೂ ಇದೆ. ಅರ್ಧ ಒತ್ತಿದರೆ ಟ್ರಿಗರ್ ಬಿಡುತ್ತದೆ, ಹ್ಯಾಮರ್ ಬೀಳುತ್ತದೆ, ಆದರೆ ಪಿನ್ನಿನ ತಡೆ ಪೂರ್ತಿ ಎದ್ದಿರುವುದಿಲ್ಲ. ಗುಂಡು ಹಾರುವುದಿಲ್ಲ. ಎರಡರ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಹೀಗೆ. 1983ರಲ್ಲಿ ಕೋಲ್ಟ್ ಸೀರೀಸ್ 80 ಅನ್ನುವ ಹೊಸ 1911 ತಂದಾಗ ಆ ಕೆಲಸವನ್ನು ಟ್ರಿಗರಿಗೇ ಕೊಟ್ಟರು. ನನಗೆ ಅದೇ ಸರಿ ಅನಿಸುತ್ತದೆ. ಅಂಗೈಗೆ ಕೊಡುವ ಕೆಲಸ ಒಂದೇ ಇರಬೇಕು.

ನಿಮ್ಮ 1903ಕ್ಕೆ ಪಿನ್ನಿನ ತಡೆ ಇಲ್ಲ ಅಕ್ಕ. ಹಾಗಾಗಿ ಮನೆಯಲ್ಲಿ ಚೇಂಬರ್ ಖಾಲಿ ಇಡಿ.

ಬೀರೂರು ಜಂಕ್ಷನ್
ಕ್ರೊಯೇಷಿಯಾದ ಒಂದು ಪಿಸ್ತೂಲು ಇದೆಯಲ್ಲ, ಅಮೆರಿಕದಲ್ಲಿ ಎಕ್ಸ್‌ಡಿ ಅಂತ ಮಾರುವುದು. ಅದರಲ್ಲಿ ಗ್ರಿಪ್ ಸೇಫ್ಟಿ ಒತ್ತದಿದ್ದರೆ ಸ್ಲೈಡೇ ಹಿಂದಕ್ಕೆ ಬರುವುದಿಲ್ಲ. ಒಂದು ಕೈಗೆ ಗಾಯ ಆದರೆ ಏನು ಮಾಡುವುದು?

ಹಳೇ ಹವಾಲ್ದಾರ್
ಅದನ್ನೇ ಬೆಳಿಗ್ಗೆಯಿಂದ ಹೇಳುತ್ತಿದ್ದೇನೆ.

ಹತ್ತು ಮೀಟರ್
ಏಲಕ್ಕಿ ಅಕ್ಕ, ಇನ್ನೊಂದು ಪರೀಕ್ಷೆ ಮಾಡಿ. ಪಿಸ್ತೂಲು ಪೂರ್ತಿ ಖಾಲಿ ಇರಲಿ. ಗ್ರಿಪ್ ಸೇಫ್ಟಿಯ ಮೇಲೆ ಕುಂಕುಮ ನೀರಿನಲ್ಲಿ ಕಲಸಿ ತೆಳುವಾಗಿ ಹಚ್ಚಿ. ಯೋಚನೆ ಮಾಡದೆ, ಯಾವಾಗಲೂ ಹಿಡಿಯುವ ಹಾಗೆ ಹಿಡಿದು ಬಿಡಿ. ಅಂಗೈಯಲ್ಲಿ ಎಲ್ಲಿ ಬಣ್ಣ ಬಿದ್ದಿದೆ ನೋಡಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎಣ್ಣೆ ಕೈ ಆಡಿಸಿ.

ಮೂಡಿಗೆರೆ ಏಲಕ್ಕಿ
ಮಾಡಿದೆ. ಅಂಗೈ ನಡುವೆ ಬಣ್ಣವೇ ಇಲ್ಲ. ಹೆಬ್ಬೆರಳಿನ ಬುಡದ ದಪ್ಪ ಭಾಗದ ಅಂಚಿಗೆ ಒಂದು ಗೆರೆ ಅಷ್ಟೇ.

ಹತ್ತು ಮೀಟರ್
ಹಿಡಿಯ ತುತ್ತತುದಿ ಮತ್ತು ನಿಮ್ಮ ಹೆಬ್ಬೆರಳು ತೋರುಬೆರಳಿನ ಕವಲು, ಇವೆರಡರ ನಡುವೆ ಜಾಗ ಇದೆಯಾ?

ಮೂಡಿಗೆರೆ ಏಲಕ್ಕಿ
ಇದೆ. ಒಂದು ಬೆರಳು ತೂರುವಷ್ಟು. ಅಪ್ಪ ಹಾಗೆ ಹಿಡಿ ಎಂದೇ ಹೇಳಿಕೊಟ್ಟಿದ್ದು. ಕೈ ಮೇಲೆ ಹೋದರೆ ಸ್ಲೈಡ್ ಕಚ್ಚುತ್ತದೆ ಅನ್ನುತ್ತಿದ್ದರು. ಅವರ ಕೈಯಲ್ಲಿ ಆ ಕವಲಿನ ಹತ್ತಿರ ಎರಡು ಗೆರೆ ಗಾಯದ ಗುರುತು ಇತ್ತು.

ಬ್ರೌನಿಂಗ್ ಪ್ರಿಯ
ಎರಡು ಗೆರೆ! ಅಪ್ಪ ಮೊದಲು ಬೇರೆ ಪಿಸ್ತೂಲು ಹೊಡೆದಿದ್ದರಾ? ವಾಲ್ಥರ್ ಪಿಪಿಕೆ ಥರದ್ದು?

ಮೂಡಿಗೆರೆ ಏಲಕ್ಕಿ
ಅಮ್ಮನನ್ನು ಕೇಳಿದೆ. ಅಪ್ಪನ ಸ್ನೇಹಿತರೊಬ್ಬರ ಹತ್ತಿರ ವಾಲ್ಥರ್ ಇತ್ತಂತೆ. ಅದರಲ್ಲೇ ಆದ ಗಾಯವಂತೆ. ನನಗೆ ಇದು ಗೊತ್ತೇ ಇರಲಿಲ್ಲ.

ಬ್ರೌನಿಂಗ್ ಪ್ರಿಯ
ಹಾಗಿದ್ದರೆ ವಿಷಯ ಇಷ್ಟೇ. ವಾಲ್ಥರ್ ಪಿಪಿಕೆಯಲ್ಲಿ ಹಿಂದಿನ ಚಾಚು ಗಿಡ್ಡ, ಸ್ಲೈಡ್ ತಗ್ಗಿನಲ್ಲಿ ಓಡುತ್ತದೆ. ದಪ್ಪ ಕೈಯವರಿಗೆ ಕಚ್ಚುವುದಕ್ಕೆ ಅದು ಹೆಸರುವಾಸಿ. 1911ರಲ್ಲೂ ಹ್ಯಾಮರ್ ಕಚ್ಚುತ್ತಿತ್ತು. ಅದಕ್ಕೇ 1920ರ ದಶಕದಲ್ಲಿ ಅದನ್ನು ತಿದ್ದಿ ಎ1 ಮಾಡಿದಾಗ ಗ್ರಿಪ್ ಸೇಫ್ಟಿಯ ಬಾಲ ಉದ್ದ ಮಾಡಿದರು. ನಿಮ್ಮ 1903ರಲ್ಲಿ ಹ್ಯಾಮರ್ ಒಳಗೇ ಇದೆ, ಅದು ಕಚ್ಚುವುದಿಲ್ಲ. ಅಪ್ಪ ಹೇಳಿದ್ದು ಅವರು ಗಾಯ ಮಾಡಿಕೊಂಡ ಪಿಸ್ತೂಲಿಗೆ ಸರಿ. ಇದಕ್ಕೆ ಕೈ ಧೈರ್ಯವಾಗಿ ಮೇಲಕ್ಕೆ ತನ್ನಿ.

ಹತ್ತು ಮೀಟರ್
ಕವಲನ್ನು ಹಿಡಿಯ ತುದಿಗೆ ಒತ್ತಿ ಕೂರಿಸಿ. ಮೊದಲು ಅದು, ಆಮೇಲೆ ಬೆರಳು ಮಡಚುವುದು. ಪಿಸ್ತೂಲಿನ ನಳಿಗೆ ಮುಂಗೈ ಮೂಳೆಯ ನೇರಕ್ಕೆ ಬರಬೇಕು. ಟ್ರಿಗರ್ ಮುಟ್ಟಲು ಕೈ ಸುತ್ತಿಸಬೇಡಿ. ಎಡಗೈ ಮುಂದಿನಿಂದ ಬಂದು ಬಲಗೈ ಬೆರಳನ್ನು ಹಿಂದಕ್ಕೆ ಒತ್ತಿದರೆ ಅಂಗೈ ತಾನಾಗಿ ಗ್ರಿಪ್ ಸೇಫ್ಟಿಗೆ ತುಂಬುತ್ತದೆ. ಕುಂಕುಮ ಮತ್ತೆ ಹಚ್ಚಿ ನೋಡಿ.

ಮೂಡಿಗೆರೆ ಏಲಕ್ಕಿ
ಈಗ ಅಂಗೈ ನಡುವೆ ಅಗಲ ಪಟ್ಟಿ ಬಿದ್ದಿದೆ!

ಸಕಲೇಶಪುರ ಸಂಪಿಗೆ
ನೋಡಿದಿರಾ, ಕೈ ಚಿಕ್ಕದು ಅನ್ನುವುದು ಕಾರಣ ಅಲ್ಲವೇ ಅಲ್ಲ.

ಹತ್ತು ಮೀಟರ್
ಒಪ್ಪಿದೆ.

ಮೂಡಿಗೆರೆ ಏಲಕ್ಕಿ
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋಗಿದ್ದೆ. ವಯಸ್ಸಾದವರು. ನನ್ನ ಎದುರೇ ಬಿಚ್ಚಿದರು. ಗ್ರಿಪ್ ಸೇಫ್ಟಿಯ ಹಿಂದೆ ಕಂದು ಬಣ್ಣದ ಅಂಟು, ಬೆಲ್ಲದ ಪಾಕ ಆರಿದ ಹಾಗೆ. ಅದರಲ್ಲಿ ಬನಿಯನ್ ಬಟ್ಟೆಯ ನೂಲು. ಸ್ಪ್ರಿಂಗಿನ ಬಲ ಸರಿ ಇದೆ, ಬದಲಾಯಿಸುವುದು ಬೇಡ ಅಂದರು. ತೊಳೆದು, ಒರೆಸಿ, ಎರಡು ಹನಿ ಎಣ್ಣೆ ಬಿಟ್ಟು ಕೊಟ್ಟರು. ಈಗ ಬಿಟ್ಟರೆ ಪಟ್ಟನೆ ಹೊರಗೆ ಬರುತ್ತದೆ.

ಇದನ್ನು ಒತ್ತಿ ಕಾಯಂ ಕೂರಿಸಿಬಿಡುವುದಾ ಎಂದು ಸುಮ್ನೆ ಕೇಳಿದೆ. ಅವರು ಪಿಸ್ತೂಲನ್ನು ಬಟ್ಟೆಯ ಮೇಲೆ ಇಟ್ಟು, ‘ಹಾಗಿದ್ದರೆ ಬೇರೆಯವರ ಹತ್ತಿರ ಹೋಗಮ್ಮ’ ಅಂದರು.

ಅದೇ ದಿನ ರೇಂಜಿಗೆ ಹೋದೆ. ಇಪ್ಪತ್ತು ಗುಂಡು. ಒಂದು ಸಲವೂ ನಿಲ್ಲಲಿಲ್ಲ. ಕೈಗೆ ಏನೂ ಆಗಲಿಲ್ಲ.

ಇನ್ನೊಂದು ಹೇಳಬೇಕು. ಗ್ರಿಪ್ ಸೇಫ್ಟಿಯ ಕಪ್ಪು ಬಣ್ಣ ಒಂದು ಕಡೆ ಸವೆದು ಬೆಳ್ಳಗಾಗಿದೆ. ಅಪ್ಪನ ಕೈ ತಾಗಿ ತಾಗಿ ಆಗಿದ್ದು. ಅದು ತುಂಬಾ ಕೆಳಗಿದೆ. ಅವರ ಅಂಗೈ ದಪ್ಪ, ಅಷ್ಟು ಕೆಳಗೆ ಹಿಡಿದರೂ ಒತ್ತುತ್ತಿತ್ತು. ನನಗೆ ಒತ್ತುತ್ತಿರಲಿಲ್ಲ.

ಹಳೇ ಹವಾಲ್ದಾರ್
ಸಂತೋಷ ಆಯಿತಮ್ಮ. ಆ ರಿಪೇರಿಯವರು ಒಳ್ಳೆಯವರು. ಕೂರಿಸಿಬಿಡಿ ಎಂದು ನಾನು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನನಗೆ ಪಿಸ್ತೂಲು ಕೊಡುವುದಾದರೆ ಮಾತ್ರ ಗ್ರಿಪ್ ಸೇಫ್ಟಿ ಇಲ್ಲದ್ದೇ ಕೊಡಲಿ.

ಬ್ರೌನಿಂಗ್ ಪ್ರಿಯ
ಸಾರ್, 1914ರಲ್ಲಿ ಸರಾಯೆವೊದಲ್ಲಿ ಆರ್ಚ್‌ಡ್ಯೂಕ್ ಫರ್ಡಿನೆಂಡರನ್ನು ಕೊಂದು ಮೊದಲ ಮಹಾಯುದ್ಧಕ್ಕೆ ಕಿಡಿ ಹಚ್ಚಿದ ಪಿಸ್ತೂಲು ಯಾವುದು ಗೊತ್ತಾ? ಬ್ರೌನಿಂಗ್ ಅವರದ್ದೇ 1910ರ ಮಾದರಿ. ಅದರಲ್ಲೂ ಗ್ರಿಪ್ ಸೇಫ್ಟಿ ಇತ್ತು. ಅವಸರದ ಕೈಯಲ್ಲೂ ಅದು ಅಡ್ಡ ಬರಲಿಲ್ಲ.

ಹಳೇ ಹವಾಲ್ದಾರ್
ಅವತ್ತು ಅಡ್ಡ ಬಂದಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು.

ಕೊಪ್ಪದ ಮಳೆ
ಏಲಕ್ಕಿ ಅಕ್ಕ, ಅವರು ಕೊಟ್ಟ ಎಣ್ಣೆ ಯಾವುದು ಎಂದು ಕೇಳಿದಿರಾ? ಮಳೆಗಾಲ ಬರುತ್ತಿದೆ, ನಾನೂ ಕೋವಿಗೆ ಬದಲಾಯಿಸೋಣ ಅಂತ.

ಮೂಡಿಗೆರೆ ಏಲಕ್ಕಿ
ಚಿಕ್ಕ ಬಾಟಲಿಯಲ್ಲಿ ಹಾಕಿಕೊಟ್ಟಿದ್ದಾರೆ, ಹೆಸರಿಲ್ಲ. ಫೋನ್ ಮಾಡಿ ಕೇಳಿ ನಾಳೆ ಬರೆಯುತ್ತೇನೆ.